ಜೂನ್ ಒಂದು, ಜನವರಿ ಆರು

ಕಳೆದ ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ನಾನು ಆಡಿದ ಮಾತುಗಳನ್ನು ಬರಹದಲ್ಲೂ ಕೊಡಿ ಎಂದು ಹಲವರು ಕೇಳಿದಿರಿ. ಮಾತಿನ ಧಾಟಿ ಹಾಗೇ ಇರಲಿ ಎಂದು ಹೆಚ್ಚು ತಿದ್ದದೆ ಇಲ್ಲಿ ಕೊಡುತ್ತಿದ್ದೇನೆ.

ಹೋದ ವಾರ ನಮ್ಮ ವಿಮಾನ ನಗರದ ದತ್ತ ಮಂದಿರ ಚೌಕದ ಹತ್ತಿರ ತರಕಾರಿ ಕೊಳ್ಳುತ್ತಿದ್ದೆ. ಮೆಂತ್ಯದ ಕಟ್ಟಿಗೆ ಮರಾಠಿಯಲ್ಲಿ ಚೌಕಾಸಿ ಮಾಡುತ್ತ, ನಡುವೆ ಮಗಳಿಗೆ ಕನ್ನಡದಲ್ಲಿ "ಚೀಲ ಹಿಡಿ" ಅಂದೆ. ಅಷ್ಟೇ ಸಾಕಾಯಿತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಿರುಗಿ, "ರೇಡಿಯೋದಲ್ಲಿ ಮಾತಾಡ್ತೀರಲ್ಲ, ಅವರೇ ಅಲ್ವೇನಮ್ಮಾ?" ಎಂದರು. ತುಮಕೂರು ಕಡೆಯವರು. ಮಗನ ಮನೆಯಲ್ಲಿ ಇರಲು ಪುಣೆಗೆ ಬಂದವರು. ಮಗಳು ಅಳಿಯ ಅಮೆರಿಕದಲ್ಲಿದ್ದಾರಂತೆ. ಊರು, ಕುಶಲ ಎಲ್ಲ ಆದ ಮೇಲೆ ಮೆಲ್ಲಗೆ ಫೋನು ತೆಗೆದು ಎರಡು ಕಾಗದದ ಫೋಟೋ ತೋರಿಸಿದರು. ಎರಡೂ ಅಳಿಯನವೇ. ಒಂದರಲ್ಲಿ ಅವರು 2028ರವರೆಗೆ ಅಲ್ಲಿರಬಹುದು ಎಂದಿದೆ, ಇನ್ನೊಂದರಲ್ಲಿ 2027ರವರೆಗೆ ಮಾತ್ರ.

"ವೀಸಾ ನವೀಕರಣದಲ್ಲಿ ತಪ್ಪು ಬಿದ್ದಿದೆ ಅಂತಾರಮ್ಮ. ಇಲ್ಲೊಬ್ಬ ಏಜೆಂಟು ನಲವತ್ತು ಸಾವಿರ ಕೊಟ್ಟರೆ ತಿದ್ದಿಸಿಕೊಡ್ತೀನಿ ಅಂತಿದ್ದಾನೆ. ಕೊಡಲಾ?"

"ಕೊಡಬೇಡಿ ಸಾರ್, ಒಂದು ವಾರ ತಡೀರಿ" ಅಂದೆ. ನಾನೇನೂ ವಕೀಲೆ ಅಲ್ಲ, ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತವಳು. ಆದರೆ ಈ ವಿಷಯದಲ್ಲಿ ನಮ್ಮ ಮನೆಯಲ್ಲೇ ಒಂದು ಪಾಠ ಆಗಿಹೋಗಿದೆ. ಅದನ್ನೇ ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ನಮ್ಮ ಬಡಾವಣೆಯ ಹೆಸರೇ ವಿಮಾನ ನಗರ. ಲೋಹಗಾಂವ್ ನಿಲ್ದಾಣ ಕೂಗಳತೆಯಲ್ಲಿದೆ. ಮನೆಯಲ್ಲಿ ಏನಾದರೂ ಧ್ವನಿಮುದ್ರಿಸಬೇಕೆಂದರೆ ವಾಯುಪಡೆಯ ವಿಮಾನ ಹಾದುಹೋಗುವ ತನಕ ಬಾಯಿ ಮುಚ್ಚಿ ಕೂರಬೇಕು. ಸುತ್ತಮುತ್ತ ಸಾಫ್ಟ್‌ವೇರ್ ಕಚೇರಿಗಳು. ಹಾಗಾಗಿ ಒಂದೊಂದು ಕಟ್ಟಡದಲ್ಲೂ ಒಬ್ಬರಾದರೂ ಹೊರದೇಶದಲ್ಲಿ ಇರುವವರು, ಹೋಗುವವರು, ಹೋಗಿ ಬಂದವರು ಸಿಗುತ್ತಾರೆ. ನನ್ನ ತಮ್ಮನೂ ಹಾಗೆಯೇ. ಮೂರು ವರ್ಷ ನಮ್ಮ ಮನೆಯ ಹಾಲಿನಲ್ಲಿ ಹಾಸಿಗೆ ಹಾಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದವನು 2016ರಲ್ಲಿ ಎಚ್-1ಬಿ ವೀಸಾ ಪಡೆದು ಅಮೆರಿಕಕ್ಕೆ ಹೋದ.

ಅವನ ಕಥೆಗೆ ಮುಂಚೆ ಅವನ ಹುಟ್ಟುಹಬ್ಬದ ಕಥೆ ಹೇಳಬೇಕು. ನಮ್ಮದು ನವಲಗುಂದದ ಕಡೆ ಒಂದು ಹಳ್ಳಿ. ತಮ್ಮ ಹುಟ್ಟಿದ್ದು ಯಾವಾಗ ಅಂತ ಅವ್ವನ್ನ ಕೇಳಿದರೆ, "ಸೀಗಿ ಹುಣ್ಣಿವಿ ದಿನ ಹೊಲದಾಗ ಚರಗ ಚೆಲ್ಲಿ ಬಂದ್ವಿ ನೋಡು, ಅವತ್ತು ರಾತ್ರಿನ ಹುಟ್ಯಾನ" ಅನ್ನುತ್ತಾಳೆ. ಅವನನ್ನು ಶಾಲೆಗೆ ಸೇರಿಸಲು ಅಪ್ಪ ಕರೆದುಕೊಂಡು ಹೋದಾಗ ಹೆಡ್ ಮಾಸ್ತರರು ಲೆಕ್ಕ ಹಾಕಿ ನೋಡಿದರು. ವಯಸ್ಸು ನಾಲ್ಕು ತಿಂಗಳು ಕಡಿಮೆ ಬೀಳುತ್ತಿತ್ತು. "ಇರಲಿ ಬಿಡ್ರಿ, ಒಂದ್ ವರ್ಷ ಯಾಕ ಹಾಳ ಮಾಡ್ಬೇಕು" ಎಂದು 1989ರ ಜೂನ್ ಒಂದು ಎಂದು ಬರೆದುಕೊಂಡರು. ಕೇಳುಗರೆ, ನಿಮ್ಮಲ್ಲಿ ಎಷ್ಟು ಜನರ ಹುಟ್ಟುಹಬ್ಬ ಜೂನ್ ಒಂದಕ್ಕೆ ಬರುತ್ತದೋ ಕೈ ಎತ್ತಿ ನೋಡೋಣ! ನಮ್ಮ ತರಗತಿಯಲ್ಲಂತೂ ಅರ್ಧಕ್ಕರ್ಧ ಜನ ಅದೇ ದಿನ ಹುಟ್ಟಿದವರು. ಮಾಸ್ತರರು ಕೆಡುಕು ಬಯಸಿ ಬರೆದದ್ದಲ್ಲ. ಶಾಲೆಯ ದಾಖಲೆಯಿಂದ ಅಂಕಪಟ್ಟಿಗೆ, ಅಲ್ಲಿಂದ ಪಾಸ್‌ಪೋರ್ಟಿಗೆ ಆ ದಿನಾಂಕ ನಡೆದುಬಂತು. ಪಾಸ್‌ಪೋರ್ಟಿನಲ್ಲಿ 01/06/1989.

ಇಲ್ಲೇ ನೋಡಿ ಕಷ್ಟ ಇರುವುದು. ನಾವು ಮೊದಲು ದಿನ, ಆಮೇಲೆ ತಿಂಗಳು ಬರೆಯುತ್ತೇವೆ. ಅಮೆರಿಕದವರು ಮೊದಲು ತಿಂಗಳು, ಆಮೇಲೆ ದಿನ. ನಮ್ಮ ಜೂನ್ ಒಂದನ್ನು ಅವರು ಓದಿದರೆ ಜನವರಿ ಆರು. ದಿನಾಂಕ 25 ಆಗಿದ್ದರೆ ಇಪ್ಪತ್ತೈದನೇ ತಿಂಗಳು ಇಲ್ಲವಲ್ಲ ಎಂದು ಯಾರಾದರೂ ಅನುಮಾನ ಪಡುತ್ತಾರೆ. ಹನ್ನೆರಡರ ಒಳಗಿನ ದಿನಾಂಕಕ್ಕೆ ಆ ರಕ್ಷಣೆ ಇಲ್ಲ. ಲೆಕ್ಕ ಹಾಕಿದರೆ ವರ್ಷದಲ್ಲಿ 132 ದಿನಗಳು ಹೀಗೆ ತಿರುಗುಮುರುಗಾಗಬಹುದಾದವು.

2019ರಲ್ಲಿ ತಮ್ಮನ ಮೊದಲ ಮೂರು ವರ್ಷ ಮುಗಿಯುತ್ತ ಬಂತು. ಎಚ್-1ಬಿಯನ್ನು ಒಮ್ಮೆಗೆ ಹೆಚ್ಚೆಂದರೆ 3 ವರ್ಷಕ್ಕೆ ಕೊಡುತ್ತಾರೆ. ಒಟ್ಟು ಸಾಮಾನ್ಯವಾಗಿ 6 ವರ್ಷ. ಗ್ರೀನ್ ಕಾರ್ಡಿನ ಸಾಲಿನಲ್ಲಿರುವವರಿಗೆ ಅದರಾಚೆಗೂ ಮುಂದುವರಿಸುವ ಅವಕಾಶ ಇದೆ. ಅವಧಿ ವಿಸ್ತರಣೆಗೆ ಅರ್ಜಿ ಹಾಕುವುದು ಕೆಲಸಗಾರನಲ್ಲ, ಅವನ ಕಂಪನಿ. ಕಂಪನಿಯ ವಕೀಲರ ಕಚೇರಿಯಲ್ಲಿ ಯಾರೋ ಪಾಸ್‌ಪೋರ್ಟ್ ನೋಡಿ ಟೈಪ್ ಮಾಡುವಾಗ ಜೂನ್ ಒಂದು ಜನವರಿ ಆರಾಯಿತು. ಸಲ್ಲಿಸುವ ಮುಂಚೆ ಕರಡನ್ನು ಇವನಿಗೂ ಕಳಿಸಿದ್ದರು. ಇವನು ಓದದೆಯೇ "ಎಲ್ಲ ಸರಿ ಇದೆ" ಎಂದು ಉತ್ತರ ಬರೆದಿದ್ದ. ಜುಲೈ ಮೊದಲ ವಾರ ಮಂಜೂರಾತಿ ಪತ್ರ ಬಂತು. "ಅಕ್ಕಾ, ಇನ್ನ ಮೂರ್ ವರ್ಷ ಚಿಂತಿ ಇಲ್ಲ" ಎಂದು ಫೋನು ಮಾಡಿದ. ಪತ್ರವನ್ನು ಡ್ರಾಯರಿನಲ್ಲಿಟ್ಟ. ಹನ್ನೊಂದು ವಾರ ಅದು ಅಲ್ಲೇ ಇತ್ತು.

ಸೆಪ್ಟೆಂಬರ್ ಕೊನೆಗೆ ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ಹೋದಾಗ, "ನಿಮ್ಮ ಜನ್ಮದಿನಾಂಕ ವಲಸೆ ದಾಖಲೆಯ ಜೊತೆ ಹೊಂದುತ್ತಿಲ್ಲ" ಎಂದು ಹಿಂದಕ್ಕೆ ಕಳಿಸಿದರು. ಅವನಿದ್ದ ಊರಿನಲ್ಲಿ ಕಾರಿಲ್ಲದೆ ಹಾಲು ತರುವುದೂ ಕಷ್ಟ. ಸಹೋದ್ಯೋಗಿಯ ಕಾರಿನಲ್ಲಿ ಕೆಲಸಕ್ಕೆ ಹೋಗತೊಡಗಿದ. ಅದು ಸಣ್ಣ ತೊಂದರೆ. ದೊಡ್ಡದು ಆಮೇಲೆ ಬಂತು. ನವೆಂಬರಿನಲ್ಲಿ ಅಪ್ಪನಿಗೆ ಎದೆನೋವು ಬಂದು ಹುಬ್ಬಳ್ಳಿಯಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಆಯಿತು. ತಮ್ಮನ ಪಾಸ್‌ಪೋರ್ಟಿನಲ್ಲಿದ್ದ ಹಳೆಯ ವೀಸಾ ಮುಗಿದಿತ್ತು. ಊರಿಗೆ ಬಂದರೆ ಹಿಂತಿರುಗಲು ಹೊಸ ವೀಸಾ ಒತ್ತಿಸಬೇಕು. ಹುಟ್ಟಿದ ದಿನ ತಪ್ಪಿರುವ ಕಾಗದ ಹಿಡಿದು ಸಂದರ್ಶನಕ್ಕೆ ಹೋಗುವ ಧೈರ್ಯ ಅವನಿಗೆ ಬರಲಿಲ್ಲ. ಅಪ್ಪನನ್ನು ಆಪರೇಷನ್ ಕೋಣೆಗೆ ಕರೆದೊಯ್ಯುವಾಗ ನಾನು ಫೋನು ಎತ್ತಿ ಹಿಡಿದೆ. ಅತ್ತ ಕಡೆಯಿಂದ ತಮ್ಮ ನೋಡುತ್ತ ನಿಂತಿದ್ದ. ಯಾರೂ ಏನೂ ಮಾತಾಡಲಿಲ್ಲ.

ವಕೀಲರ ಕಚೇರಿ ತನ್ನ ತಪ್ಪು ಒಪ್ಪಿಕೊಂಡು, ಪಾಸ್‌ಪೋರ್ಟ್ ಪ್ರತಿಯೊಂದಿಗೆ ತಿದ್ದುಪಡಿ ಕೋರಿತು. ಸರಿಯಾದ ಪತ್ರ ಕೈಗೆ ಬಂದದ್ದು 2020ರ ಜನವರಿಯಲ್ಲಿ. ಯುಗಾದಿಗೆ ಮನೆಯಲ್ಲಿರುತ್ತೇನೆ ಎಂದು ತಮ್ಮ ಟಿಕೆಟ್ ತೆಗೆದ. ಆ ವರ್ಷ ಯುಗಾದಿ ಮಾರ್ಚ್ 25ಕ್ಕೆ ಬಿದ್ದಿತ್ತು. ನಿಮಗೆ ನೆನಪಿರಬಹುದು, ಮಾರ್ಚ್ 22ರಿಂದ ಹೊರದೇಶದ ಪ್ರಯಾಣಿಕ ವಿಮಾನಗಳನ್ನು ಭಾರತ ನಿಲ್ಲಿಸಿತು. ಯುಗಾದಿಯ ದಿನ ದೇಶವೇ ಬೀಗ ಹಾಕಿಕೊಂಡಿತು. ಆಮೇಲೆ ವಿಶೇಷ ವಿಮಾನಗಳು ಹಾರಾಡಿದಾಗ ವೀಸಾ ಕಿಟಕಿಗಳು ಮುಚ್ಚಿದ್ದವು, ಕಿಟಕಿ ತೆರೆದಾಗ ಮತ್ತೊಂದು ನಿರ್ಬಂಧ. ಅವನು ಮನೆಯ ಹೊಸ್ತಿಲು ತುಳಿದದ್ದು 2022ರ ಫೆಬ್ರವರಿಯಲ್ಲಿ. ಅಪ್ಪ ಇದ್ದರು. ನಮ್ಮ ಪುಣ್ಯ. ಆ ಎರಡು ವರ್ಷಗಳಲ್ಲಿ ಎಷ್ಟೋ ಮನೆಗಳಲ್ಲಿ ಹಾಗೆ ಆಗಲಿಲ್ಲ.

ಒಂದು ತಪ್ಪು ದಿನಾಂಕವನ್ನು ಜುಲೈನಲ್ಲೇ ಕಂಡಿದ್ದರೆ ದಸರೆಯ ಹೊತ್ತಿಗೆ ಸರಿಯಾಗುತ್ತಿತ್ತೇನೋ, ಅವನು ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಪಕ್ಕ ಇರುತ್ತಿದ್ದನೇನೋ. ಈ "ಏನೋ" ಎಂಬ ಮಾತಿಗೆ ಉತ್ತರ ಇಲ್ಲ. ಆದರೆ ಅಲ್ಲಿಂದ ನಾವು ಕಲಿತದ್ದು ಒಂದಿದೆ: ತಪ್ಪು ಸಿಕ್ಕಾಗ ಮೊದಲು ಕೇಳಬೇಕಾದ ಪ್ರಶ್ನೆ "ಇದನ್ನು ಬರೆದ ಕೈ ಯಾವುದು?" ಯಾರು ಬರೆದರೋ ಅವರೇ ತಿದ್ದಬೇಕು. ಬೇರೆ ಬಾಗಿಲು ಬಡಿದರೆ ದಿನ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಅಮೆರಿಕದ ಕೆಲಸದ ವೀಸಾದಲ್ಲಿ ಹೀಗೆ ಬರೆಯುವ ಕೈಗಳು ಐದು.

ಮೊದಲನೆಯದು ದೂತಾವಾಸದ ಕೈ. ಪಾಸ್‌ಪೋರ್ಟಿನಲ್ಲಿ ಅಂಟಿಸುವ ವೀಸಾ ಹಾಳೆ ಅವರದು. ಪುಣೆಯಲ್ಲಿರುವವರು ಸಾಮಾನ್ಯವಾಗಿ ಮುಂಬೈಯ ಬಾಂದ್ರಾ ಕುರ್ಲಾ ಸಂಕೀರ್ಣದ ದೂತಾವಾಸಕ್ಕೆ ಹೋಗುತ್ತಾರೆ. 2011ರಿಂದ ಅದು ಅಲ್ಲಿದೆ. ವೀಸಾ ಹಾಳೆಯಲ್ಲಿ ಹೆಸರೋ ದಿನಾಂಕವೋ ತಪ್ಪಿದ್ದರೆ ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಅದನ್ನು ಕೊಟ್ಟ ದೂತಾವಾಸಕ್ಕೆ ತಿಳಿಸಬೇಕು. ವಿಮಾನ ಹತ್ತಿದ ಮೇಲೆ ನೋಡೋಣ ಎನ್ನಬಾರದು.

ಎರಡನೆಯದು ಅಲ್ಲಿನ ವಿಮಾನ ನಿಲ್ದಾಣದ ಗಡಿ ಅಧಿಕಾರಿಯ ಕೈ. ಇದನ್ನು ಬಹಳ ಜನ ಮರೆಯುತ್ತಾರೆ. ವೀಸಾ ಎಂದರೆ ಬಾಗಿಲು ತಟ್ಟಲು ಅನುಮತಿ ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಎನ್ನುವುದು ಐ-94 ಎಂಬ ದಾಖಲೆಯಲ್ಲಿರುತ್ತದೆ. ಮೊದಲು ಬಿಳಿ ಚೀಟಿಯನ್ನು ಪಾಸ್‌ಪೋರ್ಟಿಗೆ ಪಿನ್ ಮಾಡುತ್ತಿದ್ದರು. ವಿಮಾನ, ಹಡಗಿನಲ್ಲಿ ಬರುವವರಿಗೆ 2013ರಿಂದ ಅದು ಗಣಕದಲ್ಲೇ ದಾಖಲಾಗುತ್ತದೆ. ಕೈಗೆ ಚೀಟಿ ಬರುವುದಿಲ್ಲವಾದ್ದರಿಂದ ನೋಡುವ ಅಭ್ಯಾಸವೂ ಹೋಯಿತು. ಪ್ರತಿ ಸಲ ಹೋಗಿ ಇಳಿದ ಮೇಲೂ ಅಂತರಜಾಲದಲ್ಲಿ ಅದನ್ನು ತೆರೆದು ನೋಡಬೇಕು. ಅಲ್ಲಿ ತಪ್ಪಿದ್ದರೆ ಗಡಿ ಇಲಾಖೆಯ ತಪಾಸಣಾ ಕಚೇರಿಗಳಿವೆ. ಅಲ್ಲಿಗೆ ದಾಖಲೆ ಹಿಡಿದು ಹೋದರೆ ಶುಲ್ಕವಿಲ್ಲದೆ ತಿದ್ದುತ್ತಾರೆ.

ಮೂರನೆಯದು ವಲಸೆ ಸೇವಾ ಇಲಾಖೆಯ ಕೈ, ಅಂದರೆ ಯುಎಸ್‌ಸಿಐಎಸ್. ದೇಶದೊಳಗೇ ಇದ್ದು ಅವಧಿ ವಿಸ್ತರಿಸಿಕೊಂಡರೆ ಬರುವ ಮಂಜೂರಾತಿ ಪತ್ರ ಐ-797ಎ. ಅದರ ಕೆಳಭಾಗದಲ್ಲೇ ಹೊಸ ಐ-94 ಅಂಟಿಕೊಂಡಿರುತ್ತದೆ. ಅರ್ಜಿಯಲ್ಲಿ ಸರಿಯಾಗಿದ್ದು ಪತ್ರದಲ್ಲಿ ಅಕ್ಷರ ತಪ್ಪಿದ್ದರೆ, ಪತ್ರದ ಮೇಲಿರುವ 13 ಅಕ್ಷರ ಅಂಕಿಗಳ ರಸೀದಿ ಸಂಖ್ಯೆ ಕೊಟ್ಟು ಇಲಾಖೆಯ ಜಾಲತಾಣದಲ್ಲೇ ಮುದ್ರಣದೋಷದ ಕೋರಿಕೆ ಸಲ್ಲಿಸಬಹುದು. ಅದಕ್ಕೆ ದುಡ್ಡಿಲ್ಲ. ಅರ್ಜಿ ಕಂಪನಿಯದಾದ್ದರಿಂದ ಕಂಪನಿಯ ವಕೀಲರ ಮೂಲಕ ಹೋದರೆ ಒಳ್ಳೆಯದು.

ನಾಲ್ಕನೆಯದು ಕಂಪನಿಯ ಕೈ. ನಮ್ಮ ತಮ್ಮನದು ಇದೇ. ಅರ್ಜಿಯಲ್ಲೇ ತಪ್ಪಿದ್ದರೆ ಇಲಾಖೆಯನ್ನು ದೂರಿ ಪ್ರಯೋಜನವಿಲ್ಲ, ಅದು ಕೊಟ್ಟದ್ದನ್ನೇ ಅಚ್ಚು ಹಾಕಿರುತ್ತದೆ. ಆಗ ಕಂಪನಿಯೇ ತಪ್ಪನ್ನು ಬರೆದು ಒಪ್ಪಿಕೊಂಡು ತಿದ್ದಿಸಬೇಕು. ಕೆಲಸದ ಸ್ಥಳ, ಹುದ್ದೆಯಂಥ ಮುಖ್ಯ ಸಂಗತಿಗಳಾದರೆ ತಿದ್ದುಪಡಿ ಅರ್ಜಿಯನ್ನೇ ಶುಲ್ಕ ಕಟ್ಟಿ ಹೊಸದಾಗಿ ಹಾಕಬೇಕಾದೀತು. ಆದ್ದರಿಂದ ಕರಡು ಬಂದಾಗಲೇ ಓದಿ. ಸಲ್ಲಿಸಿದ ಅರ್ಜಿಯ ಪ್ರತಿಯನ್ನೂ ಕೇಳಿ ಇಟ್ಟುಕೊಳ್ಳಿ. ಕೇಳಿದರೆ ಬೇಸರ ಮಾಡಿಕೊಂಡಾರು ಎಂಬ ಸಂಕೋಚ ಬೇಡ.

ಐದನೆಯದು ನಮ್ಮದೇ ಕೈ. ಎಷ್ಟೋ ಸಲ ತಪ್ಪಿನ ಬೇರು ನಮ್ಮ ಪಾಸ್‌ಪೋರ್ಟಿನಲ್ಲಿರುತ್ತದೆ. ನಮ್ಮ ಧಾರವಾಡದ ಕಡೆ ಕುಲಕರ್ಣಿ, ಪಾಟೀಲ ಎಂದು ಅಡ್ಡಹೆಸರು ಇರುತ್ತದೆ. ಮೈಸೂರು, ತುಮಕೂರು ಕಡೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ ಇಟ್ಟುಕೊಳ್ಳುವ ಪದ್ಧತಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಬರೀ ಮೊದಲಕ್ಷರ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅಡ್ಡಹೆಸರಿನ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಅಡ್ಡಹೆಸರಿನ ಜಾಗಕ್ಕೆ ಹೋಗಿ, ಮುಂದಿನ ಹೆಸರಿನ ಜಾಗದಲ್ಲಿ ಎಫ್ಎನ್‌ಯು ಎಂದು ಬೀಳುತ್ತದೆ. ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅಪ್ಪ ಅಮ್ಮ ಯೋಚಿಸಿ ಹೆಸರಿಟ್ಟ ಹುಡುಗನನ್ನು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ "ಎಫ್ಎನ್‌ಯು" ಎಂದು ಕೂಗುತ್ತಾರೆ. ಇದು ಅಮೆರಿಕದ ಮಾತಷ್ಟೇ ಅಲ್ಲ. ಮಂಗಳೂರು, ಉಡುಪಿ ಕಡೆಯ ಕೇಳುಗರಿಗೆ ಗೊತ್ತಿರಬಹುದು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನ ನಿಯಮ ತಂದಾಗ ಎಷ್ಟು ಗಲಿಬಿಲಿ ಆಗಿತ್ತು! ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂದು ಆಮೇಲೆ ಸಡಿಲಿಸಿದರು.

ಕಾಗುಣಿತದ್ದು ಇನ್ನೊಂದು ಕಥೆ. ನಾವು ಮಂಜುನಾಥ ಎಂದು ಪೂರ್ತಿ ಉಚ್ಚರಿಸಿ ಇಂಗ್ಲಿಷಿನಲ್ಲಿ ಕೊನೆಗೊಂದು "ಎ" ಹಾಕುತ್ತೇವೆ. ಇಲ್ಲಿ ಪುಣೆಯಲ್ಲಿ ಅರ್ಜಿ ತುಂಬುವವರು ಮಂಜುನಾಥ್ ಎಂದು ಕೇಳಿಸಿಕೊಂಡು ಆ "ಎ" ಬಿಟ್ಟುಬಿಡುತ್ತಾರೆ. ಪದವಿಪತ್ರದಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಇಂಥದ್ದೆಲ್ಲ ವೀಸಾಕ್ಕೆ ಹೋಗುವ ಮುಂಚೆ ಇಲ್ಲೇ ಸರಿಮಾಡಿಕೊಳ್ಳಬೇಕು. ನಮಗಂತೂ ನದಿ ದಾಟಿದರೆ ಮುಂಢವಾದಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ.

ಈಗ ತುಮಕೂರಿನ ಹಿರಿಯರ ಪ್ರಶ್ನೆಗೆ ಬರೋಣ. ಸಾರ್, ನೀವು ಕೇಳುತ್ತಿದ್ದರೆ ಗಮನಿಸಿ. ನಿಮ್ಮ ಅಳಿಯಂದಿರ ಮಂಜೂರಾತಿ ಪತ್ರದಲ್ಲಿ 2028 ಎಂದಿದೆ. ಆಮೇಲೆ ಅವರು ಊರಿಗೆ ಬಂದು ಹಿಂತಿರುಗಿದ್ದಾರೆ. ಹಿಂತಿರುಗಿದಾಗ ವಿಮಾನ ನಿಲ್ದಾಣದಲ್ಲಿ ಹೊಸ ಐ-94 ದಾಖಲಾಗಿದೆ, ಅದರಲ್ಲಿ 2027. ಮಗಳಿಗೆ ಫೋನು ಮಾಡಿಸಿ ಕೇಳಿದೆವಲ್ಲ, ಅವರ ಪಾಸ್‌ಪೋರ್ಟ್ ಮುಗಿಯುವುದೂ ಅದೇ ದಿನ. ಹಾಗಾದರೆ ಇದು ತಪ್ಪೇ ಅಲ್ಲ. ಪಾಸ್‌ಪೋರ್ಟಿನ ಅವಧಿ ಮುಂಚೆ ಮುಗಿಯುವುದಿದ್ದರೆ ಗಡಿ ಅಧಿಕಾರಿ ಅಲ್ಲಿಯವರೆಗೆ ಮಾತ್ರ ದಿನ ಕೊಡುವುದು ರೂಢಿ. ಹಳೆಯ ಪತ್ರದಲ್ಲಿ 2028 ಇದೆ ಎಂದು ನಿಶ್ಚಿಂತೆಯಿಂದ ಕೂರುವ ಹಾಗಿಲ್ಲ. ಸಾಮಾನ್ಯವಾಗಿ ಕೊನೆಗೆ ಬಂದ ಐ-94 ಲೆಕ್ಕಕ್ಕೆ ಬರುತ್ತದೆ.

ಏಜೆಂಟರು ಇದನ್ನು ತಿದ್ದಿಸಲಾರರು. ಇಲ್ಲಿ ಆಗಬೇಕಾದ್ದು ಎರಡೇ ಕೆಲಸ. ಒಂದು, ಪಾಸ್‌ಪೋರ್ಟ್ ನವೀಕರಣ. ಮುಗಿಯುವ ಒಂದು ವರ್ಷ ಮುಂಚಿನಿಂದಲೇ ಅಲ್ಲಿನ ಭಾರತೀಯ ದೂತಾವಾಸದ ಮೂಲಕ ಮಾಡಿಸಬಹುದು. ಎರಡು, ಹೊಸ ಪಾಸ್‌ಪೋರ್ಟ್ ಬಂದ ಮೇಲೆ, ಆ 2027ರ ದಿನಾಂಕ ಬರುವುದರೊಳಗೆ, ಕಂಪನಿಯ ಮೂಲಕ ವಿಸ್ತರಣೆಗೆ ಅರ್ಜಿ ಹಾಕಿಸಬೇಕು, ಅಥವಾ ದೇಶದ ಹೊರಗೆ ಹೋಗಿ ಹೊಸ ಪಾಸ್‌ಪೋರ್ಟಿನೊಂದಿಗೆ ಮತ್ತೆ ಪ್ರವೇಶಿಸಬೇಕು. ಯಾವುದು ಸರಿ ಎಂದು ಕಂಪನಿಯ ವಕೀಲರೇ ಹೇಳಬೇಕು. ಹೊರಗೆ ಹೋಗುವ ದಾರಿ ಆರಿಸುವ ಮುಂಚೆ ಎರಡು ಸಲ ಯೋಚಿಸಲಿ. 2025ರ ಡಿಸೆಂಬರಿನಲ್ಲಿ ಭಾರತದಲ್ಲಿ ಎಚ್-1ಬಿ ಸಂದರ್ಶನಗಳನ್ನು ಇದ್ದಕ್ಕಿದ್ದಂತೆ ತಿಂಗಳುಗಟ್ಟಲೆ ಮುಂದೂಡಿ, ರಜೆಗೆಂದು ಬಂದವರು ಇಲ್ಲೇ ಸಿಕ್ಕಿಬಿದ್ದದ್ದನ್ನು ನೋಡಿದ್ದೇವೆ.

ಮಗಳ ಕಾಗದವನ್ನೂ ನೋಡಲು ಹೇಳಿ. ಮನೆಯ ಯಜಮಾನನ ಪತ್ರ ಎಲ್ಲರೂ ನೋಡುತ್ತಾರೆ. ಎಚ್-4ರ ಮೇಲೆ ಹೋದ ಹೆಂಡತಿ ಮಕ್ಕಳಿಗೆ ಬೇರೆ ದಾಖಲೆ, ಬೇರೆ ದಿನಾಂಕ ಇರುತ್ತದೆ. ದಿನಾಂಕ ಮೀರಿ 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಬಂದವರು 3 ವರ್ಷ, ಒಂದು ವರ್ಷ ಉಳಿದವರು 10 ವರ್ಷ ಮತ್ತೆ ಒಳಗೆ ಹೋಗುವಂತಿಲ್ಲ. ನೋಡದೆ ಬಿಟ್ಟ ಒಂದು ಸಾಲಿಗೆ ಇಷ್ಟು ದೊಡ್ಡ ದಂಡ.

ಕೊನೆಯದಾಗಿ, ನಮ್ಮ ವೃತ್ತಿಯಿಂದ ಬಂದ ಒಂದು ಉಪಾಯ ಹೇಳುತ್ತೇನೆ. ಕಾಗದವನ್ನು ಕಣ್ಣಲ್ಲಿ ಓದಬೇಡಿ, ಬಾಯಲ್ಲಿ ಓದಿ. ಕಣ್ಣು ತನಗೆ ಗೊತ್ತಿರುವುದನ್ನೇ ಓದಿಬಿಡುತ್ತದೆ. ಗಟ್ಟಿಯಾಗಿ ಓದಿದಾಗ ತಪ್ಪು ನಾಲಿಗೆಗೆ ತಡೆಯುತ್ತದೆ. 2022ರಲ್ಲೂ 2025ರಲ್ಲೂ ತಮ್ಮನ ಪತ್ರ ಬಂದಾಗ ನಾವು ಹೀಗೇ ಮಾಡಿದೆವು. ಅವನು ಫೋನಿನಲ್ಲಿ ಒಂದೊಂದೇ ಅಕ್ಷರ ಓದುತ್ತಾನೆ, ನಾನು ಇಲ್ಲಿ ಅವನ ಪಾಸ್‌ಪೋರ್ಟಿನ ಪ್ರತಿ ಹಿಡಿದು ಗುರುತು ಹಾಕುತ್ತೇನೆ. ಹೆಸರು, ಅಡ್ಡಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ವೀಸಾದ ವರ್ಗ, ಕಂಪನಿಯ ಹೆಸರು, ಆರಂಭದ ದಿನ, ಮುಗಿಯುವ ದಿನ. ತಿಂಗಳನ್ನು ಅಂಕಿಯಲ್ಲಿ ಹೇಳುವುದಿಲ್ಲ, ಹೆಸರು ಹಿಡಿದೇ ಹೇಳಬೇಕು. ಹತ್ತು ನಿಮಿಷದ ಕೆಲಸ.

ಮುಂದಿನ ಪೀಳಿಗೆಗೆ ಈ ಜೂನ್ ಒಂದರ ಗೋಳು ಇರಲಾರದು. 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್ ಬೇಕಾದರೆ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೊಂದೇ ಪುರಾವೆ. ಮನೆಯಲ್ಲಿ ಮೊಮ್ಮಕ್ಕಳು ಹುಟ್ಟಿದ್ದರೆ ಆ ಪತ್ರವನ್ನೂ ಇವತ್ತೇ ತೆಗೆದು ಒಮ್ಮೆ ಗಟ್ಟಿಯಾಗಿ ಓದಿ.

ಅಂದ ಹಾಗೆ, ನಮ್ಮ ತಮ್ಮನಿಗೆ ಈಗ ಮೂರು ಹುಟ್ಟುಹಬ್ಬ. ಜೂನ್ ಒಂದಕ್ಕೆ ಕಚೇರಿಯವರು ಕೇಕು ಕತ್ತರಿಸುತ್ತಾರೆ. ಜನವರಿ ಆರಕ್ಕೆ ನಾನು ಫೋನು ಮಾಡಿ, "ಕಾಗದ ನೋಡೀಯೇನು?" ಅಂತ ಕಾಡುತ್ತೇನೆ. ಸೀಗಿ ಹುಣ್ಣಿವಿಗೆ ಮಾತ್ರ ಅವ್ವ ಹೋಳಿಗೆ ಮಾಡಿ, ಒಂದನ್ನು ಅವನ ಹೆಸರಿನಲ್ಲಿ ಎತ್ತಿಟ್ಟು, ಸಂಜೆ ಅಪ್ಪನಿಗೆ ಕೊಡುತ್ತಾಳೆ. ಡಾಕ್ಟರು ಸಿಹಿ ಬೇಡ ಅಂದಿದ್ದಾರೆ. "ಅಂವನ ಪಾಲಿನದು, ನಂದಲ್ಲ" ಎಂದು ಹೇಳಿ ಅಪ್ಪ ತಿನ್ನುತ್ತಾರೆ.

ಮುಂದಿನ ಭಾನುವಾರ ಇದೇ ಹೊತ್ತಿಗೆ ಮತ್ತೆ ಸಿಗೋಣ. ಅಲ್ಲಿಯವರೆಗೆ ಡ್ರಾಯರಿನಲ್ಲಿರುವ ಕಾಗದ ಒಮ್ಮೆ ಹೊರಗೆ ಬರಲಿ. ನಮಸ್ಕಾರ.